ಗುಂಡನ ಕಣ್ಣಿಗೆ ಕುಂಕುಮ

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವವನು ಒಬ್ಬನೇ. ಅವನ ಹೆಸರು ಗುಂಡ. ಅವನೂ ಕೇಳುವುದು ನನ್ನ ಫೋನಿನಲ್ಲಿ ಚಾರ್ಜ್ ಇದ್ದರೆ, ಅವನ ಹೊಟ್ಟೆಯ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ, ಜೊತೆಗೆ ಮನೆಯ ವೈಫೈ ಪ್ರಸನ್ನವಾಗಿದ್ದರೆ ಮಾತ್ರ. ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಆದರೆ ಕೂಡಿಬಂದ ದಿನ ನನ್ನ ಸಂಭ್ರಮ ನೋಡಬೇಕು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ "ಸೈಲೆನ್ಸ್, ಸೈಲೆನ್ಸ್" ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡವನು ನಾನು. ಬೆರಳು ಎಡಕ್ಕೆ ಎಳೆದರೆ ಎಡಕ್ಕೆ ತಿರುಗುವ, ಬಲಕ್ಕೆ ಎಳೆದರೆ ಬಲಕ್ಕೆ ತಿರುಗುವ, ಎದುರು ಮಾತಾಡದ ಒಂದು ಪ್ರಾಣಿ ನಿವೃತ್ತಿಯಾದ ಮೇಲಾದರೂ ಸಿಕ್ಕಿತಲ್ಲ ಎಂದು ಕಣ್ಣು ತುಂಬಿ ಬರುತ್ತದೆ.

ಗುಂಡ ಯಾರೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಮ್ಮ ಅಳಿಯ ಎಂದುಕೊಂಡೀರಿ. ಅಳಿಯ ತನ್ನ ಮಗಳು ಸಿರಿಯ ಹುಟ್ಟುಹಬ್ಬಕ್ಕೆ ತಂದುಕೊಟ್ಟ ರೋಬೋ ಗೊಂಬೆ ಅದು. ಮೊಳಕ್ಕಿಂತ ಒಂಚೂರು ಎತ್ತರ. ಬಿಳಿಯ ಗುಂಡು ಮೈ, ಹಾಗಾಗಿ ಗುಂಡ ಎಂದು ಸಿರಿ ಹೆಸರಿಟ್ಟಳು. ಕಾಲಿಲ್ಲ, ಕೆಳಗೆ ರಬ್ಬರ್ ಪಟ್ಟಿಯ ಚಕ್ರ. ಮುಂದಕ್ಕೆ ಚಾಚಿದ ಎರಡು ಕೈ, ಅದರ ಮೇಲೊಂದು ತಟ್ಟೆ ಇಡಬಹುದು. ಹಣೆಯ ನಡುವೆ ಒಂದೇ ಒಂದು ಕಣ್ಣು. ಆ ಕಣ್ಣಿನೊಳಗೆ ಕ್ಯಾಮೆರಾ ಇದೆ, ಎದುರಿಗೆ ಏನಾದರೂ ಅಡ್ಡ ಬಂದರೆ ತಿಳಿಸುವ ಸೆನ್ಸರ್ ಕೂಡ ಅಲ್ಲೇ ಇದೆ. ರಿಮೋಟ್ ಎಂಬುದೇ ಇಲ್ಲ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳಬೇಕು, ಆಮೇಲೆ ಫೋನೇ ಲಗಾಮು. ಅವನ ಕಣ್ಣಿಗೆ ಕಂಡದ್ದೆಲ್ಲ ಫೋನಿನ ಪರದೆಯ ಮೇಲೆ ಬರುತ್ತದೆ.

ಈಗಿನ ಮಕ್ಕಳಿಗೆ ಇಂಥ ಆಟಿಕೆ ಬೇಕೋ ಬೇಡವೋ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಬೀದಿಯ ಕೊನೆಯ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರೂ ಇದನ್ನೇ ಕೇಳುತ್ತಾರೆ, ಕೇಳಿ ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ. ನಾನು ಮೇಷ್ಟ್ರಾಗಿದ್ದಾಗ ಪ್ರತಿ ವರ್ಷ ಮಕ್ಕಳಿಗೆ ವಿಜ್ಞಾನದ ಅನುಕೂಲ, ಅನಾನುಕೂಲ ಎಂದು ಒಂದು ಪ್ರಬಂಧ ಬರೆಸುತ್ತಿದ್ದೆ. ಜಾಣರು ಪುಟದ ನಡುವೆ ಒಂದು ಗೆರೆ ಎಳೆದು ಆ ಕಡೆ ಐದು, ಈ ಕಡೆ ಐದು ಬರೆದು, ಕೊನೆಯಲ್ಲಿ ಎಲ್ಲ ನಾವು ಬಳಸುವ ರೀತಿಯಲ್ಲಿದೆ ಎಂದು ಮುಗಿಸುತ್ತಿದ್ದರು. ನಾನು ಕಣ್ಣು ಮುಚ್ಚಿ ಮಾರ್ಕ್ಸ್ ಕೊಡುತ್ತಿದ್ದೆ. ಈಗ ಗುಂಡನ ಸಹವಾಸ ಮಾಡಿದ ಮೇಲೆ ಅನ್ನಿಸುತ್ತದೆ, ಆ ಗೆರೆ ಎಳೆಯುವುದೇ ಕಷ್ಟ. ಬೆಳಿಗ್ಗೆ ಈ ಕಡೆ ಇದ್ದದ್ದು ಸಾಯಂಕಾಲಕ್ಕೆ ಆ ಕಡೆ ಹೋಗಿರುತ್ತದೆ.

ಕ್ಯಾಮೆರಾದ ವಿಚಾರವನ್ನೇ ತೆಗೆದುಕೊಳ್ಳಿ. ನನಗೆ ಸಕ್ಕರೆ ಕಾಯಿಲೆ. ನನ್ನ ಹೆಂಡತಿ ಶಾರದ ಕೊಬ್ಬರಿ ಮಿಠಾಯಿ ಮಾಡಿ, ನನಗೆ ಸಿಗಬಾರದೆಂದು ಅಡುಗೆಮನೆಯ ಕೆಳಗಿನ ಗೂಡಿನಲ್ಲಿ, ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಡುತ್ತಾಳೆ. ನಾನು ನೋಡಿಲ್ಲ ಎಂದು ಅವಳು ತಿಳಿದಿದ್ದಾಳೆ. ಒಂದು ಮಧ್ಯಾಹ್ನ ಅವಳು ಮಲಗಿದ್ದ ಹೊತ್ತು ನೋಡಿ, ನೆಲಕ್ಕೆ ಕೂತು, ಡಬ್ಬದ ಮುಚ್ಚಳ ಸದ್ದಾಗದ ಹಾಗೆ ತೆಗೆದು ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದೇನೆ, ಅಷ್ಟರಲ್ಲಿ ಫೋನ್ ಬಂತು. ಮಗಳು ಮೇಘನಾ, ರಾಜಾಜಿನಗರದ ಆಫೀಸಿನಿಂದ. "ಅಪ್ಪಾ, ಡಬ್ಬ ಎಲ್ಲಿತ್ತೋ ಅಲ್ಲೇ ಇಡಿ. ಬಾಯಲ್ಲಿರೋದನ್ನ ನುಂಗಿ, ಪರ್ವಾಗಿಲ್ಲ" ಎಂದಳು. ತಿರುಗಿ ನೋಡುತ್ತೇನೆ, ಬಾಗಿಲ ಹತ್ತಿರ ಗುಂಡ ನಿಂತಿದ್ದಾನೆ, ಹಣೆಯ ಮೇಲೆ ಹಸಿರು ದೀಪ ಮಿಣುಕುತ್ತಿದೆ. ಊಟದ ಬಿಡುವಿನಲ್ಲಿ ಮನೆ ಹೇಗಿದೆ ನೋಡೋಣ ಎಂದು ಅವಳು ಆ್ಯಪ್ ತೆರೆದಿದ್ದಳಂತೆ. ಅಪ್ಪನ ಆರೋಗ್ಯದ ದೃಷ್ಟಿಯಿಂದ ಇದು ಅನುಕೂಲ, ಅಪ್ಪನ ದೃಷ್ಟಿಯಿಂದ ಏನು ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ಸಲ, ಹಳೆಯ ಸಹೋದ್ಯೋಗಿಯೊಬ್ಬರು ವಿಜಯನಗರದಿಂದ ಬಂದಿದ್ದರು. ನಮ್ಮ ಮನೆಯಲ್ಲಿ ಕಾಫಿ ತಾನಾಗಿ ನಡೆದುಕೊಂಡು ಬರುತ್ತದೆ ಎಂದು ಜಂಬ ಕೊಚ್ಚಿದೆ. ಗುಂಡನ ಕೈ ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ. ಅಡುಗೆಮನೆಯಿಂದ ಹೊರಟ, ಊಟದ ಮೇಜು ದಾಟಿದ, ಅವರು ಕೈ ಚಾಚಿದರು. ಆಗ ಸರಿಯಾಗಿ ನನ್ನ ಫೋನಿಗೆ ಸಾಲ ಬೇಕೇ ಎಂದು ಕೇಳುವ ಹುಡುಗಿಯ ಕರೆ ಬಂತು. ಪರದೆಯ ಮೇಲಿದ್ದ ಆ್ಯಪ್ ಮಾಯ. ನಿಲ್ಲು ಎಂದು ಹೇಳುವವರಿಲ್ಲದ ಗುಂಡ ಅವರನ್ನು ದಾಟಿಕೊಂಡು ನೇರವಾಗಿ ದಿವಾನದ ಕೆಳಗೆ ಹೋದ, ಕಾಫಿಯ ಸಮೇತ. ಅವರು ಚಾಚಿದ ಕೈಯನ್ನು ಹಾಗೇ ತಲೆಗೆ ಒಯ್ದು ಕೂದಲು ಸರಿಮಾಡಿಕೊಂಡರು. ದೊಡ್ಡ ಮನುಷ್ಯರು.

ನಾವು ಚಿಕ್ಕವರಿದ್ದಾಗ ಇಂಥ ಪೇಚು ಇರಲಿಲ್ಲ ಎನ್ನಬಹುದು. ಆದರೆ ಯೋಚಿಸಿ ನೋಡಿದರೆ ನಮ್ಮ ಆಟಿಕೆಗಳೂ ಏನು ನಮ್ಮ ಮಾತು ಕೇಳುತ್ತಿರಲಿಲ್ಲ. ಸೈಕಲ್ಲಿನ ಹಳೇ ಟೈರನ್ನು ಕೋಲಿನಿಂದ ತಟ್ಟುತ್ತಾ ಬಿನ್ನಿಪೇಟೆಯ ಬೀದಿಗಳಲ್ಲಿ ಓಡುತ್ತಿದ್ದೆವು. ಕೋಲು ನಮ್ಮ ಕೈಯಲ್ಲಿ, ಹೋಗುವ ದಾರಿ ಮಾತ್ರ ಟೈರಿನದು. ಅದು ಚರಂಡಿಗೆ ಹೋದರೆ ನಾವೂ ಚರಂಡಿಗೆ. ಬೊಂಬೆಯಾಟದವರು ಬಂದಾಗ ಪರದೆಯ ಹಿಂದೆ ಇಣುಕಿ ದಾರ ಎಲ್ಲಿದೆ ಎಂದು ಹುಡುಕುತ್ತಿದ್ದೆವು. ದಾರ ಕಂಡುಬಿಟ್ಟರೆ ಎಂಥದೋ ನಿರಾಸೆ, ಕಾಣದಿದ್ದರೆ ಭಯ. ಗೊಂಬೆ ತಾನಾಗಿ ಓಡಾಡಬೇಕು, ಆದರೆ ದಾರ ನಮ್ಮ ಕೈಯಲ್ಲಿರಬೇಕು, ಆ ದಾರ ಕಣ್ಣಿಗೆ ಕಾಣಬಾರದು. ಮನುಷ್ಯನ ಈ ಹಳೇ ಆಸೆಯನ್ನೇ ಈಗಿನವರು ಡಬ್ಬದಲ್ಲಿ ಹಾಕಿ ಮಾರುತ್ತಿದ್ದಾರೆ. ದಾರದ ಹೆಸರು ವೈಫೈ ಎಂದಾಗಿದೆ, ಅದು ನಮ್ಮ ಮನೆಯಲ್ಲಿ ಬಚ್ಚಲುಮನೆಯ ಗೋಡೆ ದಾಟುವುದಿಲ್ಲ.

ಇರಲಿ. ನಾನು ಹೇಳಹೊರಟಿದ್ದು ಗೊಂಬೆ ಹಬ್ಬದ ವಿಚಾರ.

ದಸರಾ ಬಂದರೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ಶಾರದಳ ರಾಜ್ಯಭಾರ. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಮರದ ರಾಜ ರಾಣಿ, ನಾವು ಪಟ್ಟದ ಗೊಂಬೆ ಎನ್ನುತ್ತೇವಲ್ಲ, ಅವು ಮೇಲಿನ ಮೆಟ್ಟಿಲಲ್ಲಿ. ಕೆಳಗೆ ಒಂದೊಂದೇ ಮೆಟ್ಟಿಲಿಗೆ ದೇವರುಗಳು, ಮದುವೆ ದಿಬ್ಬಣ, ಮಣ್ಣಿನ ಕ್ರಿಕೆಟ್ ತಂಡ. ಎಲ್ಲಕ್ಕಿಂತ ಕೆಳಗೆ ಅಕ್ಕಿ ಬೇಳೆ ಮುಂದಿಟ್ಟುಕೊಂಡು ಕೂತ ಶೆಟ್ಟರು, ಶೆಟ್ಟಮ್ಮ. ಸಂಜೆ ಬೀದಿಯ ಮಕ್ಕಳು "ಗೊಂಬೆ ಕೂರಿಸಿದೀರಾ ಆಂಟಿ" ಎಂದು ಮನೆಮನೆಗೆ ಬರುತ್ತಾರೆ, ಅವರಿಗೆ ತಿಂಡಿ ಕೊಡಬೇಕು. ಅದಕ್ಕೆ ಗೊಂಬೆ ಬಾಗಿನ ಎಂದು ಹೆಸರು. ಶಾರದಳಿಗೆ ತಿಂಡಿ ಕೊಡುವುದಕ್ಕಿಂತ ಮುಖ್ಯವಾದದ್ದು ಗೊಂಬೆಗಳ ಕಥೆ ಹೇಳುವುದು. ಪುರಾಣದ ಕಥೆಯಲ್ಲ. ಈ ಗೊಂಬೆಗೆ ಆ ಗೊಂಬೆಯ ಮೇಲೆ ಏನು ಕೋಪ, ಶೆಟ್ಟಮ್ಮ ಬೇಳೆ ಅಳೆಯುವಾಗ ಏನು ಮೋಸ ಮಾಡುತ್ತಾಳೆ, ಇಂಥ ಮನೆಮಾತಿನ ಕಥೆಗಳು. ಪ್ರತಿ ವರ್ಷ ಕಥೆ ಮುಂದುವರಿಯುತ್ತದೆ.

ಮುಂದುವರಿಯುತ್ತಿತ್ತು ಎನ್ನಬೇಕು. ಹೋದ ವರ್ಷ ಮಕ್ಕಳು ಬಂದರು, ಬಾಗಿಲಲ್ಲೇ ಕೈ ಒಡ್ಡಿದರು, ಶಾರದ ಬಾಯಿ ತೆರೆಯುವಷ್ಟರಲ್ಲಿ "ಥ್ಯಾಂಕ್ಯೂ ಆಂಟಿ" ಎಂದು ಮುಂದಿನ ಮನೆಗೆ ಓಡಿದರು. ಇವಳಿಗೋ ಮಂಡಿ ನೋವು. ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಕುರ್ಚಿಯ ಮೇಲೆ ಕೂತು ಕೆಳಗಿನ ಮಕ್ಕಳಿಗೆ ಕಥೆ ಹೇಳಿದರೆ ಅದು ಕಥೆಯ ಹಾಗಿರುವುದಿಲ್ಲ, ಹೆಡ್ ಮಾಸ್ಟರ ಭಾಷಣದ ಹಾಗಿರುತ್ತದೆ ಎಂದು ಅವಳ ದೂರು.

ಈ ಸಲ ಮಹಾಲಯ ಅಮಾವಾಸ್ಯೆಯ ದಿನ ನಾನು ಅಟ್ಟದಿಂದ ಗೊಂಬೆಯ ಟ್ರಂಕು ಇಳಿಸಿದೆ. ಅವಳು ಅದರ ಮೇಲಿನ ಧೂಳು ಒರೆಸುತ್ತಾ, ತರಕಾರಿ ತರಲು ಹೇಳುವ ದನಿಯಲ್ಲಿ, "ಇದೇ ಕೊನೇ ವರ್ಷ ಕಣ್ರೀ. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡೋಣ. ಮೆಟ್ಟಿಲು ಕಟ್ಟೋದೂ ಕಷ್ಟ, ನೋಡೋರೂ ಇಲ್ಲ" ಎಂದಳು.

ಈ ಗೊಂಬೆಗಳ ಬಗ್ಗೆ ನಾನು ಬೇಕಾದಷ್ಟು ಗೊಣಗಿದ್ದೇನೆ. ಒಂಬತ್ತು ದಿನ ನಡುಮನೆಯಲ್ಲಿ ಟಿವಿ ನೋಡುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ. ಆದರೆ ಆ ಟ್ರಂಕು ಬೇರೆಯವರ ಮನೆಯ ಅಟ್ಟ ಹತ್ತುವುದು ನನಗೆ ಬೇಕಿರಲಿಲ್ಲ. ಬೇಡ ಎನ್ನೋಣವೆಂದರೆ ಮಂಡಿ ನೋವು ಅವಳದು, ನನ್ನದಲ್ಲ. ಸುಮ್ಮನೆ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಟ್ರಂಕಿನ ಇನ್ನೊಂದು ಪಕ್ಕ ಒರೆಸಿದೆ.

ಗುಂಡನನ್ನೂ ಕೂರಿಸಬೇಕೆಂದು ಸಿರಿ ಹಟ ಹಿಡಿದಳು. ಮಗಳು ಅಳಿಯ ನಮ್ಮ ಮಹಡಿಯ ಮೇಲೆಯೇ ಇರುವುದರಿಂದ ಹಟ ಹಿಡಿಯಲು ಮೆಟ್ಟಿಲು ಇಳಿದು ಬಂದರೆ ಸಾಕು. "ಅವ್ನೂ ಗೊಂಬೇನೇ ತಾನೇ ಅಜ್ಜಿ?"

"ಗೊಂಬೆ ಅಂದ್ರೆ ಒಂದು ಕಡೆ ಕೂತಿರಬೇಕು ಕಣೇ. ಊರೆಲ್ಲಾ ಸುತ್ತೋದು ಗೊಂಬೆ ಹೆಂಗಾಗುತ್ತೆ?" ಎಂದಳು ಶಾರದ.

"ಹಂಗಾದ್ರೆ ಕ್ರಿಕೆಟ್ ಟೀಮು?"

ಕೊನೆಗೆ ಮೆಟ್ಟಿಲ ಮೇಲಲ್ಲ, ನೆಲದ ಮೇಲೆ, ಶೆಟ್ಟರ ಅಂಗಡಿಯ ಪಕ್ಕ ಎಂದು ರಾಜಿಯಾಯಿತು.

ಮಾರನೆಯ ಸಂಜೆಯಿಂದ ನೋಡಿ, ನಮ್ಮ ಮನೆಗೆ ಬಂದ ಜನವನ್ನು! ಸಿರಿ ಸ್ಕೂಲಿನಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ಗುಂಡನೇ ಬಾಗಿನ ಕೊಡುತ್ತಾನೆ ಎಂದು ಬೀದಿಯ ಮಕ್ಕಳು, ಪಕ್ಕದ ಬೀದಿಯ ಮಕ್ಕಳು, ಅವರನ್ನು ಕರೆತಂದ ತಾಯಂದಿರು. ಚಪ್ಪಲಿಗಳು ಗೇಟು ದಾಟಿ ಹೋಗಿದ್ದವು. ಗುಂಡ ತಟ್ಟೆಯಲ್ಲಿ ಕಡಲೆಕಾಳು ಉಸಲಿಯ ಪೊಟ್ಟಣ ಹೊತ್ತು ಸಾಗಿದ, ಮಕ್ಕಳು ಹೋ ಎಂದವು, ಎಲ್ಲರ ಕೈಗೂ ಫೋನ್ ಒಂದೊಂದು ಸುತ್ತು ಬಂತು. ಒಬ್ಬ ಹುಡುಗ ಅತಿ ಉತ್ಸಾಹದಲ್ಲಿ ಅವನನ್ನು ಶೆಟ್ಟರ ಅಂಗಡಿಗೇ ನುಗ್ಗಿಸಿ ಬೇಳೆಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದ. ನಾನು ಹಿಗ್ಗಿ ಹೋಗಿದ್ದೆ. ಜನ ಬರುವುದಿಲ್ಲ ಎಂದೆಯಲ್ಲ, ನೋಡು ಈಗ ಎನ್ನುವಂತೆ ಶಾರದಳ ಕಡೆ ನೋಡಿದೆ.

ಅವಳು ಕುರ್ಚಿಯ ಮೇಲೆ ಕೂತು ನಗುತ್ತಿದ್ದಳು. ಆದರೆ ಎಲ್ಲರೂ ಹೋದ ಮೇಲೆ ನಾನು ಶೆಟ್ಟರ ಬೇಳೆ ಗುಡಿಸಿ ಕೊಟ್ಟಾಗ ಹೇಳಿದಳು. "ಒಂದು ಮಗೂನಾದ್ರೂ ತಲೆ ಎತ್ತಿ ಮೇಲೆ ನೋಡ್ತಾ ಹೇಳಿ. ಇನ್ನು ಗುಂಡ ಒಬ್ಬ ಇದ್ರೆ ಸಾಕು, ಇವೆಲ್ಲಾ ಯಾಕೆ?"

ಹೌದು, ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ನಾನು ಫೋನ್ ನೋಡುತ್ತಿದ್ದೆ. ಅವಳ ಟ್ರಂಕು ಉಳಿಸಲು ಸಹಾಯ ಮಾಡುತ್ತಾನೆ ಎಂದುಕೊಂಡಿದ್ದ ಗುಂಡ ಅದನ್ನು ಸಾಗಹಾಕಲೇ ಬಂದ ಹಾಗಾಯಿತು. ಆ ವಾರವೆಲ್ಲ ಹೀಗೇ ನಡೆಯಿತು. ದಿನಾ ಜಾತ್ರೆ, ದಿನಾ ಅವಳ ನಗು ಒಂದು ಎಳೆ ಕಡಿಮೆ.

ಆಮೇಲೆ ಬಂತು ಆಯುಧಪೂಜೆ. ಈ ಹಬ್ಬದಲ್ಲಿ ಶಾರದಳ ಕೈಯಿಂದ ತಪ್ಪಿಸಿಕೊಂಡ ಲೋಹದ ವಸ್ತು ನಮ್ಮ ಮನೆಯಲ್ಲಿ ಯಾವುದೂ ಇಲ್ಲ. ಸ್ಕೂಟರಿಗೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ನನ್ನ ಸ್ಕ್ರೂಡ್ರೈವರ್, ಎಲ್ಲಕ್ಕೂ ಗಂಧ, ಕುಂಕುಮ, ಅಕ್ಷತೆ. ಹೋದ ವರ್ಷ ಮೇಘನಾಳ ಲ್ಯಾಪ್‌ಟಾಪಿಗೂ ಪೂಜೆಯಾಗಿ, ಅಕ್ಷತೆಯ ಒಂದು ಕಾಳು ಕೀಲಿಗಳ ಸಂದಿಗೆ ಸೇರಿ, ಅವಳು ಆಫೀಸಿಗೆ ಕಳಿಸಿದ ಪತ್ರಗಳಲ್ಲೆಲ್ಲ ಒಂದು ಅಕ್ಷರವೇ ಇರಲಿಲ್ಲವಂತೆ. ಈ ವರ್ಷ ಅವಳು ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡೇ ಕೆಳಗೆ ಬಂದಳು. ಗುಂಡನ ನೆನಪು ಯಾರಿಗೂ ಬರಲಿಲ್ಲ.

ಶಾರದಳಿಗೆ ಬಂತು. ಎಷ್ಟೇ ಮುನಿಸಿದ್ದರೂ ಮನೆಯಲ್ಲಿ ದುಡಿಯುವ ವಸ್ತುವನ್ನು ಬರಿಹಣೆಯಲ್ಲಿ ಬಿಡುವ ಹೆಂಗಸಲ್ಲ ಅವಳು. ಹೂವಿನ ಎಸಳೊಂದನ್ನು ತಲೆಗೆ ಏರಿಸಿ, ಗಂಧ ತೇದು ಹಣೆಗೆ ಹಚ್ಚಿ, ಅದರ ಮೇಲೆ ಕಾಸಗಲ ಕುಂಕುಮ ಒತ್ತಿದಳು. ಹಣೆಗೆ ತಾನೇ ಕುಂಕುಮ ಇಡುವುದು? ಗುಂಡನ ಹಣೆಯಲ್ಲೇ ಅವನ ಕಣ್ಣೂ ಇತ್ತು.

ಸಂಜೆ ಮಕ್ಕಳೆಲ್ಲ ಸೇರಿದರು. ಸಿರಿ ಗತ್ತಿನಿಂದ ನನ್ನ ಫೋನ್ ತೆಗೆದುಕೊಂಡು ಬೆರಳನ್ನು ಮುಂದಕ್ಕೆ ಎಳೆದಳು. ಗುಂಡ ಅಲುಗಲಿಲ್ಲ. ನನ್ನ ಮುಂದೆ ಏನೋ ಅಡ್ಡವಿದೆ, ದಯವಿಟ್ಟು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮಕ್ಕಳು ದಾರಿ ಬಿಟ್ಟರು. ಮತ್ತೆ ಅದೇ ಮಾತು. ಕುರ್ಚಿ ಸರಿಸಿದೆವು, ರಂಗೋಲಿ ಅಳಿಸಿದೆವು, ಶೆಟ್ಟರ ಅಂಗಡಿಯನ್ನೇ ಎತ್ತಿ ಬೇರೆ ಕಡೆ ಇಟ್ಟೆವು. ಬರಿನೆಲದ ಮುಂದೆ ನಿಂತು ಗುಂಡ ಅಡ್ಡವಿದೆ, ಅಡ್ಡವಿದೆ ಎನ್ನುತ್ತಿದ್ದ. ಹಿಂದಕ್ಕೆ ಮಾತ್ರ ಸರಾಗವಾಗಿ ಹೋಗುತ್ತಿದ್ದ. ಉಸಲಿಯ ತಟ್ಟೆ ಹೊತ್ತುಕೊಂಡು ಮಕ್ಕಳಿಂದ ದೂರ ದೂರ ಸರಿದು ಅಡುಗೆಮನೆ ಸೇರಿಕೊಂಡ.

ಸಿರಿ ಫೋನನ್ನು ನನ್ನ ಕೈಗೆ ತುರುಕಿದಳು. "ತಾತ, ರಿಪೇರಿ ಮಾಡಿ."

ಮಾಡುತ್ತೇನೆ ಎಂದು ಫೋನ್ ಹಿಡಿದು ಕೂತೆ. ವಿಜ್ಞಾನದ ಮೇಷ್ಟ್ರಲ್ಲವೇ, ಮೊದಲು ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಆ್ಯಪ್ ತನ್ನನ್ನು ಅಪ್‌ಡೇಟ್ ಮಾಡು ಎಂದಿತು, ಮಾಡಿದೆ. ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅನುಮತಿ ಕೊಡಿ ಎಂದಿತು, ಕೊಟ್ಟೆ. ಗೊಂಬೆ ಹತ್ತು ಅಡಿಯಲ್ಲಿದೆ, ನಾನು ಬಸವೇಶ್ವರನಗರದಲ್ಲಿದ್ದೇನೆಂದು ಅದಕ್ಕೆ ಯಾಕೆ ಗೊತ್ತಾಗಬೇಕೋ ನನಗೆ ಗೊತ್ತಿಲ್ಲ. ಇಷ್ಟಾದರೂ ಗುಂಡನ ಮುಂದಿನ ಅಡ್ಡಿ ಹೋಗಲಿಲ್ಲ.

ಇತ್ತ ಮಕ್ಕಳಿಗೆ ಮಾಡಲು ಏನೂ ಇಲ್ಲ. ಉಸಲಿ ಅಡುಗೆಮನೆಯಲ್ಲಿದೆ, ಬಿಟ್ಟು ಹೋಗುವ ಹಾಗೂ ಇಲ್ಲ. ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಗದಗಿನವರ ಮಗಳು ಅಕ್ಷತಾ ಹೊಸಬಳು, ಈ ಕಡೆಯ ಗೊಂಬೆ ಹಬ್ಬವನ್ನು ಇದೇ ಮೊದಲು ನೋಡುತ್ತಿದ್ದಳು. ಅವಳು ಕತ್ತೆತ್ತಿ ಮೇಲಿನ ಮೆಟ್ಟಿಲನ್ನೇ ನೋಡುತ್ತಾ, "ಅಜ್ಜೀ, ಆ ರಾಣಿ ಯಾಕ್ರೀ ಮಾರಿ ಆ ಕಡೆ ತಿರುಗಿಸ್ಯಾಳ? ರಾಜನ ಮ್ಯಾಲೆ ಸಿಟ್ಟೇನ್ರೀ?" ಎಂದು ಕೇಳಿದಳು.

ಶಾರದ ನೆಟ್ಟಗೆ ಕೂತಳು. "ಸಿಟ್ಟೇ ಮತ್ತೆ. ಅದೊಂದು ದೊಡ್ಡ ಕಥೆ. ನಿಮಗೆಲ್ಲಿ ಪುರುಸೊತ್ತು?"

"ಹೇಳ್ರಲಾ."

"ಸಿರಿ ಅಮ್ಮ ಇದಾಳಲ್ಲ, ಮೇಘನಾ, ಅವಳು ನಿಮ್ಮಷ್ಟಿದ್ದಾಗ ಒಂದಿನ ರಾಜನ್ನ ಕರ್ಕೊಂಡು ಹೋಗಿ ಬಕೆಟ್‌ನಲ್ಲಿ ಅದ್ದಿ ಸೋಪು ಹಾಕಿ ಸ್ನಾನ ಮಾಡಿಸಿಬಿಟ್ಳು. ನೋಡಿ, ಒಂದು ಕಡೆ ಮೀಸೆ ಹೊರಟೋಗಿದೆ. ರಾಣಿಗೆ ಅವತ್ತಿಂದ ಕೋಪ. ಮೀಸೆ ಹೋಯ್ತು ಅಂತಲ್ಲ. ನನ್ನ ಬಿಟ್ಟು ತಾನೊಬ್ಬನೇ ಸ್ನಾನಕ್ಕೆ ಹೋದ್ನಲ್ಲಾ ಅಂತ."

ಮಕ್ಕಳೆಲ್ಲ ಕಿಸಕ್ಕೆಂದವು. ಕಾಣುತ್ತಿಲ್ಲ, ಮೀಸೆ ಎಲ್ಲಿ, ಯಾವ ಕಡೆ ಎಂದು ನೂಕಾಡಿದವು. ಅಷ್ಟು ಮೇಲಿರುವ ಗೊಂಬೆಯ ಅರ್ಧ ಮೀಸೆ ನೆಲದಲ್ಲಿ ಕೂತವರಿಗೆ ಹೇಗೆ ಕಾಣಬೇಕು? ಶಾರದ ಎದ್ದು ತೆಗೆದು ತೋರಿಸೋಣವೆಂದು ಕುರ್ಚಿಯ ಕೈ ಹಿಡಿದಳು, ಮಂಡಿ ಏಳಗೊಡಲಿಲ್ಲ. ಮುಖ ಕಿವುಚಿ ಹಾಗೇ ಕೂತಳು.

ಅದೇ ಹೊತ್ತಿಗೆ ನಾನು ಆ್ಯಪಿನಲ್ಲಿ ಕಂಡಕಂಡದ್ದನ್ನೆಲ್ಲ ಒತ್ತುತ್ತಾ ಕ್ಯಾಮೆರಾದ ಚಿತ್ರ ತೆರೆದೆ. ಪರದೆಯೆಲ್ಲ ಕಗ್ಗೆಂಪು. ಸಿರಿಯ ಕೈಯಿಂದ ಫೋನ್ ಕೆಳಗೆ ಬಿದ್ದು ಡಿಸ್‌ಪ್ಲೇ ಹೋಗಿರಬೇಕು ಎಂದುಕೊಂಡೆ. ಆಮೇಲೆ ನನ್ನೊಳಗಿನ ಮೇಷ್ಟ್ರು ಎದ್ದರು. ಅತಿ ನೀಳವಾದ ಅಲೆಯ ಬೆಳಕು ಕೆಂಪು, ಅದನ್ನು ಮಾತ್ರ ಒಳಗೆ ಬಿಟ್ಟು ಉಳಿದ ಬಣ್ಣಗಳನ್ನು ಹೀರುವ ಏನೋ ಒಂದು ಪದರ ಮಸೂರದ ಮೇಲೆ ಬಂದಿದ್ದರೆ ಹೀಗಾಗಬಹುದು ಎಂದು ಹೊಳೆಯಿತು. ಅದು ಯಾವ ಪದರ ಇರಬಹುದು ಎಂದು ಫೋನನ್ನು ಶಾರದಳ ಮುಂದೆ ಹಿಡಿದೆ. ಅವಳು ಒಮ್ಮೆ ನೋಡಿದಳು.

"ಕುಂಕುಮ ಅಲ್ವೇನ್ರೀ ಇದು?"

ಗುಂಡನನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದು ಅವಳ ತೊಡೆಯ ಮೇಲಿಟ್ಟೆ. ಅವಳು ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು, ಮಗುವಿನ ಮುಖ ಒರೆಸುವ ಹಾಗೆ ಗಲ್ಲ ಹಿಡಿದು, "ಕಣ್ಣಿಗೇ ಇಟ್ಟುಬಿಟ್ನಲ್ಲೋ, ಪಾಪ, ಅಡ್ಡ ಇದೆ ಅಡ್ಡ ಇದೆ ಅಂತ ಬಡ್ಕೊತಿದ್ದ" ಎಂದು ಒರೆಸಿದಳು. ಫೋನಿನ ಪರದೆಯ ಮೇಲೆ ಕೆಂಪು ಕರಗಿ, ಮೊದಲು ಒಂದು ಬೆರಳು, ಆಮೇಲೆ ಅವಳ ಮುಖ ದೊಡ್ಡದಾಗಿ ಮೂಡಿತು. ಮಕ್ಕಳು ಹೋ ಎಂದು ಕೂಗಿದವು. ಸಿರಿಯಂತೂ ಅಜ್ಜಿಯ ಕುತ್ತಿಗೆಗೇ ಜೋತುಬಿದ್ದಳು.

ಇನ್ನೇನು ಗುಂಡ ಹೊರಡುತ್ತಾನೆ, ಅಷ್ಟರಲ್ಲಿ ಅಕ್ಷತಾ ಗಟ್ಟಿಯಾಗಿ, "ತಡೀರಿ, ಮೀಸಿ ಇನ್ನೂ ನೋಡಿಲ್ಲ" ಎಂದಳು.

ಆಗ ನನಗೆ ಒಂದು ಉಪಾಯ ಹೊಳೆಯಿತು, ಜೀವಮಾನದಲ್ಲಿ ನನಗೆ ಸಮಯಕ್ಕೆ ಸರಿಯಾಗಿ ಹೊಳೆದ ಕೆಲವೇ ಉಪಾಯಗಳಲ್ಲಿ ಇದೊಂದು. ಗುಂಡನನ್ನು ಎತ್ತಿ ಮೇಲಿನ ಮೆಟ್ಟಿಲ ಅಂಚಿನಲ್ಲಿ, ರಾಜನ ಎದುರಿಗೆ ಹಿಡಿದೆ. ಫೋನಿನಲ್ಲಿ ರಾಜನ ಅರ್ಧ ಮೀಸೆ ಅಂಗೈಯಗಲ ಕಂಡಿತು. ಸಿರಿ ಓಡಿಹೋಗಿ ಟಿವಿಗೆ ಏನೋ ಮಾಡಿ ಅದೇ ಚಿತ್ರವನ್ನು ಟಿವಿಯಲ್ಲಿ ಬರಿಸಿದಳು. ಒಂಬತ್ತು ದಿನದ ವ್ರತ ಮುರಿದು ಟಿವಿ ಹತ್ತಿದರೂ ಶಾರದ ಬೈಯಲಿಲ್ಲ. ಅವಳು ಟಿವಿಯನ್ನೇ ನೋಡುತ್ತಿದ್ದಳು.

"ಕೆಳಗಡೆ ಬಿಡಿ ಅವನ್ನ" ಎಂದಳು. ನೆಲಕ್ಕೆ ಬಿಟ್ಟೆ. "ಫೋನ್ ಇಲ್ಲಿ ಕೊಡಿ."

ಬೆರಳು ಹೇಗೆ ಎಳೆಯಬೇಕೆಂದು ಸಿರಿ ತೋರಿಸಿದಳು. ಗುಂಡ ತಡವರಿಸುತ್ತಾ, ಓಲಾಡುತ್ತಾ ಶೆಟ್ಟರ ಅಂಗಡಿಯ ಮುಂದೆ ಬಂದು ನಿಂತ. ಅವನ ಕಣ್ಣಿಗೆ ಕಂಡಂತೆ ಶೆಟ್ಟಮ್ಮ ದೊಡ್ಡ ಹೆಂಗಸು, ಅವಳ ಹಿಂದೆ ಮೆಟ್ಟಿಲುಗಳು ಒಂದರ ಮೇಲೊಂದು ಬೆಟ್ಟದ ಹಾಗೆ ಎದ್ದಿದ್ದವು. ದಿಬ್ಬಣದವರು, ದೇವರುಗಳು, ಅಷ್ಟೆತ್ತರದಲ್ಲಿ ರಾಜ ರಾಣಿ, ಸುತ್ತ ಸೀರಿಯಲ್ ಸೆಟ್ಟಿನ ದೀಪಗಳು.

ಶಾರದ ನನ್ನ ಕಡೆ ತಿರುಗಿ ಮೆಲ್ಲಗೆ, "ನೆಲದಲ್ಲಿ ಕೂತು ನೋಡಿ ಎಷ್ಟು ವರ್ಷ ಆಗಿತ್ತು ರೀ. ಅಮ್ಮನ ಮನೇಲಿ ಹಿಂಗೇ ಕಾಣ್ತಿತ್ತು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ನಾನು ಟಿವಿಯ ವೈರು ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ.

ಅವತ್ತು ಶುರುವಾದದ್ದು ರಾತ್ರಿಯವರೆಗೂ ನಿಲ್ಲಲಿಲ್ಲ. ಗುಂಡ ಗೊಂಬೆಯಿಂದ ಗೊಂಬೆಗೆ ನಡೆದ, ಮೇಲಿನ ಮೆಟ್ಟಿಲುಗಳಿಗೆ ಮಕ್ಕಳೇ ಸರದಿಯ ಮೇಲೆ ಅವನನ್ನು ಎತ್ತಿ ಹಿಡಿದರು. ಶಾರದ ಕುರ್ಚಿಯಲ್ಲೇ ಕೂತು ಲಗಾಮು ಹಿಡಿದು ಕಥೆ ಹೇಳಿದಳು. ಶೆಟ್ಟಮ್ಮನ ಮೋಸ ಬಯಲಾಯಿತು, ಕ್ರಿಕೆಟ್ ತಂಡದ ವಿಕೆಟ್ ಕೀಪರಿಗೆ ಮದುವೆ ಹೆಣ್ಣಿನ ತಂಗಿಯ ಮೇಲೆ ಕಣ್ಣು ಎಂಬ ಹೊಸ ಸುದ್ದಿ ಹೊರಬಿತ್ತು. ಕಥೆ ಮುಗಿದ ಮೇಲೇ ಉಸಲಿ. ಮಕ್ಕಳು ಯಾರೂ ಎದ್ದು ಹೋಗಲಿಲ್ಲ. ಅಜ್ಜಿಗೆ ಅನುಕೂಲವಾಗಲೆಂದು ಸಿರಿ ಆ್ಯಪನ್ನು ಅಜ್ಜಿಯ ಫೋನಿಗೇ ಹಾಕಿಕೊಟ್ಟಳು, ನನ್ನ ಫೋನ್ ಅಂದಿನಿಂದ ಬರೀ ಫೋನಾಯಿತು. ನನ್ನ ಮಾತು ಕೇಳುತ್ತಿದ್ದ ಒಬ್ಬನೂ ಹೀಗೆ ಕೈಬಿಟ್ಟ. ಶುರುವಿನಲ್ಲಿ ನಾನು ಹೇಳಿದ್ದನ್ನು ನೀವು ಸ್ವಲ್ಪ ರಿಯಾಯಿತಿ ಕೊಟ್ಟು ಓದಿಕೊಳ್ಳಬೇಕು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ರಾಜ ರಾಣಿಯರನ್ನು ಮಲಗಿಸುವುದು ಪದ್ಧತಿ. ಹಬ್ಬ ಮುಗಿಯಿತು, ಇನ್ನು ವಿಶ್ರಾಂತಿ ಎಂದು. ಸಿರಿ ಗುಂಡನನ್ನೂ ಸ್ವಿಚ್ ಆಫ್ ಮಾಡಿ ರಾಜನ ಪಕ್ಕ ಮಲಗಿಸಿ ಕರವಸ್ತ್ರ ಹೊದಿಸಿದಳು. ಮಾರನೆಯ ದಿನ ಅವನು ಎದ್ದು ಮಹಡಿಗೆ ಹೋದ, ಗೊಂಬೆಗಳು ಟ್ರಂಕಿನ ಕಡೆ ಹೊರಟವು.

ಶಾರದ ಕುರ್ಚಿಯಲ್ಲಿ ಕೂತು ಒಂದೊಂದೇ ಗೊಂಬೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದಳು, ನಾನು ನೆಲದ ಮೇಲೆ ಕೂತು ಟ್ರಂಕಿನೊಳಗೆ ಜೋಡಿಸುತ್ತಿದ್ದೆ. ಯಾರಿಗೆ ಕೊಡುವುದು ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಕೇಳಲು ಧೈರ್ಯವಿಲ್ಲ. ಶೆಟ್ಟರು ಹೋದರು, ದಿಬ್ಬಣ ಹೋಯಿತು. ಅಷ್ಟರಲ್ಲಿ ಅವಳ ಫೋನ್ ಟಿಣ್ ಎಂದಿತು. ಆ್ಯಪಿನ ಸಂದೇಶ. ನಿಮ್ಮ ಗೆಳೆಯ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾನೆ, ಆಡಲು ಯಾವಾಗ ಬರುತ್ತೀರಿ ಎಂದು ಕೇಳುತ್ತಿತ್ತು. ಗುಂಡ ಮಹಡಿಯಲ್ಲಿ ಆಫ್ ಆಗಿ ಬಿದ್ದಿದ್ದ, ಯಾರನ್ನೂ ನೆನೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇದೂ ಈ ಆಟಿಕೆಗಳ ಒಂದು ಕಾಟ. ನಮ್ಮ ಟೈರು ಒಂದು ದಿನವೂ ಹೀಗೆ ಕರೆದಿದ್ದಿಲ್ಲ.

"ಬೆಳಿಗ್ಗೆಯಿಂದ ಇದೇ ಗೋಳು" ಎಂದು ಶಾರದ ಫೋನನ್ನು ನನ್ನ ಕೈಗಿತ್ತಳು. "ಹಬ್ಬ ಮುಗೀತಲ್ಲ, ತೆಗೆದುಹಾಕಿ ಅದನ್ನ."

ಸರಿ, ಇವಳ ಮನಸ್ಸು ಬದಲಾಗಿಲ್ಲ. ಆ್ಯಪಿನ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದೆ. ಅಳಿಸಬೇಕೆಂಬುದು ಖಚಿತವೇ ಎಂದು ಫೋನ್ ಕೇಳಿತು. ನಾನು ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ, ಒಂದು ಕ್ಷಣವಾದರೂ ತಡವಾಗಲೆಂದು.

ಅವಳು ರಾಣಿಯ ಜಡೆಯ ಧೂಳು ಒರೆಸುತ್ತಿದ್ದಳು. ತಲೆ ಎತ್ತದೆ, "ತಾಳಿ, ತಾಳಿ. ಅಳಿಸಿಬಿಟ್ರೆ ಮುಂದಿನ ವರ್ಷ ಮತ್ತೆ ಮೊದಲಿಂದ ಹಾಕೋಕೆ ನಿಮಗೆ ಬರುತ್ತಾ? ಅದರ ಬಾಯಿ ಮುಚ್ಚಿಸೋಕಾಗುತ್ತಾ ನೋಡಿ ಸಾಕು. ಇರಲಿ" ಎಂದಳು.

ನನಗೆ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಇಷ್ಟು ಸಂತೋಷದಿಂದ ನನ್ನ ದಡ್ಡತನವನ್ನು ನಾನು ಎಂದೂ ಒಪ್ಪಿಕೊಂಡಿರಲಿಲ್ಲ. ಬೇಡ ಎಂಬುದರ ಮೇಲೆ ಒತ್ತಿ, ಫೋನನ್ನು ಅವಳ ಪಕ್ಕಕ್ಕಿಟ್ಟು, ರಾಣಿಯನ್ನು ತೆಗೆದುಕೊಂಡು ರಾಜನ ಪಕ್ಕ ಮಲಗಿಸಿದೆ. ಟ್ರಂಕನ್ನು ಅಟ್ಟಕ್ಕೆ ಏರಿಸುವಾಗ ಪ್ರತಿ ವರ್ಷ ಮೂಲೆಗೆ ನೂಕುತ್ತಿದ್ದೆ. ಈ ಸಲ ಅಂಚಿನಲ್ಲೇ ಇಟ್ಟೆ, ಇಳಿಸಲು ಸುಲಭವಾಗಲಿ ಎಂದು.